ನಡವಳಿ ಪುಸ್ತಕದ ಮೂರು ಸಾಲು

ಊರಿನ ಪಂಚಾಯಿತಿಯವರನ್ನು ಮಕ್ಕಳು ಪ್ರಶ್ನೆ ಕೇಳುವ ಮಕ್ಕಳ ಗ್ರಾಮ ಸಭೆಯ ಹಿಂದಿನ ದಿನ, ಶಾಲೆ ಬಿಟ್ಟ ಮೇಲೆ, ಸಿಬ್ಬಂದಿ ಕೊಠಡಿಯಲ್ಲಿ ಒಬ್ಬನೇ ಕುಳಿತು ಹನ್ನೆರಡು ಚೀಟಿಗಳ ಮೇಲೆ ಹನ್ನೆರಡು ಪ್ರಶ್ನೆಗಳನ್ನು ನಾನೇ ಬರೆಯುತ್ತಿದ್ದೆ. ಒಂದು ವರ್ಷವಲ್ಲ, ಹಲವು ವರ್ಷ. ಶಾಲೆಯ ಶೌಚಾಲಯಕ್ಕೆ ನೀರು, ಆಟದ ಮೈದಾನಕ್ಕೆ ಬೇಲಿ, ಗ್ರಂಥಾಲಯಕ್ಕೆ ಇನ್ನಷ್ಟು ಪುಸ್ತಕ, ಬೀದಿನಾಯಿಗಳ ಕಾಟ: ಹೀಗೆ ಯಾರ ಮನಸ್ಸಿಗೂ ನೋವಾಗದ, ಯಾರ ಹೆಸರೂ ಬಾರದ ಪ್ರಶ್ನೆಗಳು. ತಡವರಿಸದೆ ಓದಬಲ್ಲ ಮಕ್ಕಳನ್ನು ಆರಿಸಿ, ಯಾರ ನಂತರ ಯಾರು ಏಳಬೇಕೆಂದು ಹೇಳಿ, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಚೀಟಿ ಹಂಚಿದರೆ ನನ್ನ ಜವಾಬ್ದಾರಿ ಮುಗಿಯುತ್ತಿತ್ತು. ಸಭೆಯಲ್ಲಿ ಬ್ಯಾನರು ಇರುತ್ತಿತ್ತು, ಮಕ್ಕಳಿಗೆ ಬಿಸ್ಕತ್ತು ಇರುತ್ತಿತ್ತು, ಪ್ರತಿ ಪ್ರಶ್ನೆಗೂ ವೇದಿಕೆಯಿಂದ ‘ಪರಿಶೀಲಿಸಲಾಗುವುದು’ ಎಂಬ ಉತ್ತರವಿರುತ್ತಿತ್ತು, ಕೊನೆಯಲ್ಲಿ ಎಲ್ಲರೂ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದೆವು. ಆ ಫೋಟೊ ಮೇಲಧಿಕಾರಿಗಳಿಗೆ ಹೋಗುತ್ತಿತ್ತು. ಮಕ್ಕಳ ಪ್ರಶ್ನೆಗಳು ಎಲ್ಲಿಗೆ ಹೋಗುತ್ತಿದ್ದವೆಂಬುದನ್ನು ನಾನೂ ಕೇಳಿರಲಿಲ್ಲ, ಮಕ್ಕಳೂ ಕೇಳಿರಲಿಲ್ಲ.

ಕೊನೆಗೆ ಕೇಳಿದವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ನಾನು ಕೊಟ್ಟ ಚೀಟಿಯನ್ನು ಒಮ್ಮೆ ಓದಿಕೊಂಡು, ‘ಇದೇ ಪ್ರಶ್ನೆಯನ್ನು ನಮ್ಮಕ್ಕನೂ ಓದಿದ್ದಳು ಸಾರ್, ಮನೆಯಲ್ಲಿ ಅವಳು ಅಭ್ಯಾಸ ಮಾಡುವಾಗ ನಾನೇ ಕೇಳಿಸಿಕೊಂಡಿದ್ದೆ’ ಎಂದಳು. ಅದರಲ್ಲಿ ಆಕ್ಷೇಪಣೆಯ ಧ್ವನಿಯಿರಲಿಲ್ಲ. ಅಕ್ಕನ ಹಳೆಯ ಸಮವಸ್ತ್ರ ತನಗೆ ಬಂದಂತೆ ಅಕ್ಕನ ಪ್ರಶ್ನೆಯೂ ತನಗೆ ಬಂದಿದೆ ಎಂಬಷ್ಟು ಸಹಜವಾಗಿ ಹೇಳಿದಳು. ಆಮೇಲೆ, ‘ಅವಳಿಗೆ ಏನಂತ ಉತ್ತರ ಬಂತು ಸಾರ್?’ ಎಂದು ಕೇಳಿದಳು. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಅಷ್ಟು ವರ್ಷ ಕಳೆದಿದ್ದ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಡೆದ ಮಾತಿದು. ನಾನೀಗ ನಿವೃತ್ತ. ಆ ಪ್ರಶ್ನೆಯಿಂದ ಆರಂಭವಾಗಿ ನನ್ನ ಸೇವೆಯ ಕೊನೆಯ ಎರಡು ಮೂರು ವರ್ಷಗಳಲ್ಲಿ ತರಗತಿಯ ಒಳಗೂ ಹೊರಗೂ ಏನು ನಡೆಯಿತು, ಪೌರನೀತಿಯನ್ನು ಊರಿನ ನಡುವೆ ಕಲಿಸುವುದೆಂದರೆ ಏನೆಂದು ನನಗೆ ಎಷ್ಟು ತಡವಾಗಿ ತಿಳಿಯಿತು ಎಂಬುದನ್ನು ಬರೆದಿಡಬೇಕೆನ್ನಿಸಿ ಕುಳಿತಿದ್ದೇನೆ.

ಪಠ್ಯದಲ್ಲಿ ಏನೂ ಕೊರತೆಯಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ, ಪ್ರತಿ 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ, ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ಸೇರಬೇಕು ಎಂಬುದನ್ನೆಲ್ಲ ನನ್ನ ಮಕ್ಕಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ಸಚಿವ ಅಬ್ದುಲ್ ನಜೀರ್ ಸಾಬರನ್ನು ನೀರ್ ಸಾಬ್ ಎಂದು ಏಕೆ ಕರೆಯುತ್ತಿದ್ದರು, 1983ರ ಪಂಚಾಯಿತಿ ಕಾನೂನಿನಿಂದ ಕರ್ನಾಟಕ ಇಡೀ ದೇಶಕ್ಕಿಂತ ಹೇಗೆ ಮುಂದಿತ್ತು, 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಮೀಸಲಾತಿ ಹೇಗೆ ಸಿಕ್ಕಿತು ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೆ. 2023ರಿಂದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯೊಂದಿಗೆ ಸಂವಿಧಾನದ ಪೀಠಿಕೆಯ ಓದೂ ಸೇರಿಕೊಂಡಿತು. 2024ರ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನಕ್ಕೆಂದು, ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಉದ್ದದ ಮಾನವ ಸರಪಳಿಯಾದಾಗ ನಮ್ಮ ಮಕ್ಕಳೂ ಬಿಸಿಲಲ್ಲಿ ಕೈ ಕೈ ಹಿಡಿದು ನಿಂತರು. ಇವು ಯಾವುವನ್ನೂ ನಾನು ಹಗುರವಾಗಿ ಕಾಣುವವನಲ್ಲ. ಪ್ರತಿದಿನ ‘ವಿಚಾರ, ಅಭಿವ್ಯಕ್ತಿ, ವಿಶ್ವಾಸ’ ಎಂದು ಹೇಳುವ ನಾಲಗೆಗೆ ಆ ಪದಗಳ ಪರಿಚಯವಾದರೂ ಉಳಿಯುತ್ತದೆ. ಆದರೆ ಈಜನ್ನು ಕುರಿತ ಪಾಠದಲ್ಲಿ ನೂರಕ್ಕೆ ನೂರು ಅಂಕ ತೆಗೆದ ಹುಡುಗ ಕೆರೆಯ ಏರಿಯ ಮೇಲೆ ಒಣಬಟ್ಟೆಯಲ್ಲೇ ನಿಂತಿದ್ದ.

ಪೀಠಿಕೆ ‘ಭಾರತದ ಪ್ರಜೆಗಳಾದ ನಾವು’ ಎಂದು ಆರಂಭವಾಗುತ್ತದಲ್ಲವೆ? ಈ ‘ಪ್ರಜೆ’ ಎಂಬ ಪದವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಸಂತಾನ, ಮಕ್ಕಳು. ರಾಜನು ತಂದೆ, ಆಳಿಸಿಕೊಳ್ಳುವವರು ಪ್ರಜೆಗಳು. ಆಳಿಸಿಕೊಳ್ಳುವವನಿಗೆ ಇಟ್ಟಿದ್ದ ಹೆಸರನ್ನೇ ಆಳುವವನಿಗೂ ಉಳಿಸಿಕೊಂಡ ಭಾಷೆ ನಮ್ಮದು. ಹೆಸರು ಬದಲಾಗದ್ದರಿಂದಲೋ ಏನೋ, ಅಭ್ಯಾಸವೂ ಪೂರ್ತಿ ಬದಲಾಗಲಿಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾ ಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಸರೆಯ ಸಮಯಕ್ಕೆ ಸೇರಿದ ಆ ಮೊದಲ ಸಭೆಯಲ್ಲಿ 144 ಮಂದಿ ಇದ್ದರು. ದಿವಾನರು ವರ್ಷದ ಆಡಳಿತದ ವರದಿ ಓದುವರು, ಪ್ರತಿನಿಧಿಗಳು ತಮ್ಮ ಊರಿನ ಅಹವಾಲು ಹೇಳಿಕೊಳ್ಳುವರು, ಸರ್ಕಾರ ಕೇಳಿಸಿಕೊಳ್ಳುವುದು. ಒಪ್ಪಬೇಕೆಂಬ ಕಟ್ಟುಪಾಡಿರಲಿಲ್ಲ. ಆ ಸಭೆಗೆ ಶಾಸನದ ಆಧಾರವೂ, ಹೊಸ ತೆರಿಗೆ ಮತ್ತು ಕಾನೂನುಗಳ ಬಗ್ಗೆ ಅದರ ಅಭಿಪ್ರಾಯ ಕೇಳಬೇಕೆಂಬ ನಿಯಮವೂ ಬಂದದ್ದು 1923ರ ಸುಧಾರಣೆಗಳಲ್ಲಿ, ಅಂದರೆ 42 ವರ್ಷಗಳ ನಂತರ. ಈ ಪಾಠವನ್ನು ಹೇಳುತ್ತಿರುವಾಗಲೇ ಒಂದು ದಿನ ನನಗೆ ಥಟ್ಟನೆ ಹೊಳೆಯಿತು: ಮಕ್ಕಳ ಗ್ರಾಮ ಸಭೆಯೆಂದು ನಾವು ನಡೆಸುತ್ತಿರುವುದು 1881ರ ಸಭೆಯನ್ನು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಪ್ರತಿನಿಧಿಗಳು ತಮ್ಮ ಅಹವಾಲನ್ನು ತಾವೇ ಬರೆದುಕೊಂಡು ಬರುತ್ತಿದ್ದರು.

ಮುಂದಿನ ವರ್ಷ ನಾನು ಚೀಟಿ ಬರೆಯಲಿಲ್ಲ. ಪ್ರಶ್ನೆಗಳನ್ನು ನೀವೇ ತನ್ನಿ ಎಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿದೆ. ಬಂದ ಪ್ರಶ್ನೆಗಳಲ್ಲಿ ಮೂರು ಎಲ್ಲರ ಬಾಯಲ್ಲೂ ಇದ್ದವು. ಬೆಳಗಿನ ಬಸ್ಸು ನಮ್ಮ ಊರಿನ ಕೈಮರದ ಬಳಿ ನಿಲ್ಲುವುದಿಲ್ಲ. ಕೆಳಗಿನ ಕೇರಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪವಿಲ್ಲ. ಓವರ್‌ಹೆಡ್ ಟ್ಯಾಂಕಿನ ನೀರು ಕೆಲವು ದಿನ ವಾಸನೆ ಬರುತ್ತದೆ. ಚೀಟಿ ಬರೆಯುತ್ತಿದ್ದ ನನಗೆ ಈ ಮೂರರಲ್ಲಿ ಒಂದೂ ಹೊಳೆದಿರಲಿಲ್ಲ. ನಾನು ಬೈಕಿನಲ್ಲಿ ಬರುತ್ತಿದ್ದೆ, ಐದು ಗಂಟೆಗೆ ಹೊರಡುತ್ತಿದ್ದೆ, ನೀರನ್ನು ಮನೆಯಿಂದ ಬಾಟಲಿಯಲ್ಲಿ ತರುತ್ತಿದ್ದೆ.

ಸಭೆಗೆ ಇನ್ನೂ ಎರಡು ತಿಂಗಳಿತ್ತು. ಈ ಮೂರು ಕೆಲಸಗಳು ಯಾರ ಕೆಲಸವೆಂದು ಪತ್ತೆ ಮಾಡಿ ಎಂದೆ. ನನ್ನ ಅನುಭವದಲ್ಲಿ ಇಷ್ಟು ಫಲ ಕೊಟ್ಟ ಮನೆಗೆಲಸ ಇನ್ನೊಂದಿಲ್ಲ. ಪುಸ್ತಕದಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲೆ ಎಂದು ಮೂರು ಚೌಕಗಳು ಒಂದರ ಕೆಳಗೊಂದು ಬಾಣದ ಗುರುತಿನೊಂದಿಗೆ ಅಂದವಾಗಿ ಕುಳಿತಿರುತ್ತವೆ. ಊರಿನಲ್ಲಿ ಹಾಗಿಲ್ಲ. ಬೀದಿಯ ಕಂಬ ವಿದ್ಯುತ್ ಕಂಪನಿಯದು, ಆ ಕಂಬದ ಮೇಲಿನ ಬಲ್ಬು ಪಂಚಾಯಿತಿಯದು, ಸಂಜೆ ಸ್ವಿಚ್ಚು ಒತ್ತುವವನು ನೀರು ಬಿಡುವವನೇ. ಊರೊಳಗಿನ ಸಿಮೆಂಟು ರಸ್ತೆ ಪಂಚಾಯಿತಿಗೆ ಸೇರಿದರೆ, ಅದು ಹೋಗಿ ಕೂಡುವ ಡಾಂಬರು ರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ಎರಡೂ ಕೂಡುವ ಜಾಗದ ಗುಂಡಿ ಯಾರದೂ ಅಲ್ಲ. ಅಂಗನವಾಡಿಯ ಕಟ್ಟಡಕ್ಕೆ ಒಬ್ಬರು, ಅಲ್ಲಿಯ ಮೊಟ್ಟೆಗೆ ಇನ್ನೊಬ್ಬರು. ಬಸ್ಸಿನ ಮೇಲೆ ಪಂಚಾಯಿತಿಗೆ ಯಾವ ಅಧಿಕಾರವೂ ಇಲ್ಲ, ಅದನ್ನು ಡಿಪೋಗೆ ಬರೆಯಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್‌ಪಾಸಿನ ಚಿಂತೆ ತಪ್ಪಿತು, ನಿಜ. ಆದರೆ ಬಸ್ಸು ಹಿಂದಿನ ಊರಿನಲ್ಲೇ ತುಂಬಿಕೊಂಡು ಬರುವುದರಿಂದ ಉಚಿತ ಟಿಕೆಟ್ಟು ಇದ್ದವರೂ ಪಾಸು ಇದ್ದವರೂ ಒಟ್ಟಿಗೇ ಕೈಮರದಲ್ಲಿ ನಿಂತಿರುತ್ತಿದ್ದರು.

ಪತ್ತೆಯ ನಡುವೆ ಒಬ್ಬ ಹುಡುಗ, ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು ಸಾರ್ ಎಂದು ಕೇಳಿದ. ಅವನಿಗೆ ಸುಳ್ಳು ಹೇಳಲಾಗಲಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕರ್ನಾಟಕದಲ್ಲಿ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪುಸ್ತಕದ ಮೂರು ಚೌಕಗಳಲ್ಲಿ ಎರಡು ಖಾಲಿ. ಐದು ವರ್ಷಕ್ಕೊಮ್ಮೆ ಚುನಾವಣೆ ಎಂದು ಉತ್ತರ ಬರೆದರೆ ಅಂಕ ಸಿಗುತ್ತದೆ ಎಂದೂ ಅವನಿಗೆ ಹೇಳಿದೆ. ಇಬ್ಬರೂ ನಕ್ಕೆವು. ಪೌರನೀತಿಯ ಮೇಷ್ಟ್ರ ಮತ್ತು ವಿದ್ಯಾರ್ಥಿಯ ನಡುವೆ ಅಂಥ ನಗು ಹುಟ್ಟಬಾರದಿತ್ತು.

ದೀಪದ ವಿಷಯವನ್ನೇ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ‘ದೀಪವಿಲ್ಲ’ ಎಂದು ಹೇಳಿದರೆ ಸಾಲದು, ಎಷ್ಟು ಕಂಬ, ಎಷ್ಟರಲ್ಲಿ ಬಲ್ಬಿದೆ, ಎಷ್ಟು ಉರಿಯುತ್ತವೆ, ಯಾವ ಮನೆಯ ಮುಂದೆ ಎಂದು ಬರೆದುಕೊಂಡು ಬನ್ನಿ ಎಂದಿದ್ದೆ. ಲೆಕ್ಕ ಹಾಕಬೇಕಾದದ್ದು ಕತ್ತಲಾದ ಮೇಲೆ. ಹುಡುಗರು ಸುಲಭವಾಗಿ ಹೊರಟರು. ದೀಪದ ಮಾತನ್ನು ಮೊದಲು ಎತ್ತಿದ್ದ ಹುಡುಗಿಯರಿಗೆ ಮನೆಯಲ್ಲಿ ಅಪ್ಪಣೆ ಸಿಗಲಿಲ್ಲ. ದಾರಿಯಲ್ಲಿ ಕತ್ತಲಿದೆ, ಹೋಗಬೇಡ. ಕತ್ತಲಿರುವುದನ್ನು ದಾಖಲು ಮಾಡಲೂ ಹೋಗಬೇಡ. ಇಲ್ಲಿ ನನಗೆ ತೋಚದ ಉಪಾಯ ಒಬ್ಬ ತಾಯಿಗೆ ತೋಚಿತು. ಆಕೆಯ ಸ್ತ್ರೀಶಕ್ತಿ ಸಂಘದ ವಾರದ ಸಭೆ ಸಂಜೆ ಏಳರ ನಂತರ ಮುಗಿಯುತ್ತಿತ್ತು. ಸಭೆ ಮುಗಿಸಿ ಹೆಂಗಸರೆಲ್ಲ ಗುಂಪಾಗಿ ಹುಡುಗಿಯರನ್ನು ಕರೆದುಕೊಂಡು ಕೇರಿ ಕೇರಿ ಸುತ್ತಿದರು. ಮಕ್ಕಳು ಬರೆದುಕೊಂಡದ್ದು ಕಂಬಗಳನ್ನು ಮಾತ್ರವಲ್ಲ. ಯಾವ ಕಂಬದ ಕೆಳಗೆ ಯಾರು ಬಿದ್ದು ಕಾಲು ಮುರಿದುಕೊಂಡರು, ಎಲ್ಲಿ ಹಾವು ಕಂಡಿತ್ತು, ಯಾವ ಮೂಲೆಯಲ್ಲಿ ಕುಡಿದವರು ಕೂರುತ್ತಾರೆ ಎಂಬುದನ್ನೂ ಆ ಹೆಂಗಸರು ಹೇಳಿ ಬರೆಸಿದ್ದರು. ನನ್ನ ಮೂವತ್ತು ವರ್ಷದ ಪಾಠಕ್ಕಿಂತ ಆ ಎರಡು ಸಂಜೆಯ ನಡಿಗೆಯಲ್ಲಿ ಹೆಚ್ಚು ರಾಜ್ಯಶಾಸ್ತ್ರವಿತ್ತು ಎಂದು ನಾನು ಹೇಳಿದರೆ ಅದು ವಿನಯದ ಮಾತಲ್ಲ.

ಮಕ್ಕಳು ಒಂದು ನಕ್ಷೆ ಮಾಡಿದರು. ಉರಿಯುವ ಕಂಬಕ್ಕೆ ಹಳದಿ, ಉರಿಯದ್ದಕ್ಕೆ ಕಪ್ಪು. ಬಣ್ಣ ತುಂಬುತ್ತ ಹೋದಂತೆ ನಕ್ಷೆಯ ಮೇಲುಭಾಗ ಹಳದಿಯಾಯಿತು, ಕೆಳಭಾಗ ಕಪ್ಪಾಯಿತು. ಕೆಳಗಿನ ಕೇರಿ ಯಾರದೆಂದು ಕರ್ನಾಟಕದ ಹಳ್ಳಿಯನ್ನು ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವ ಸಂವಿಧಾನದ 14ನೇ ವಿಧಿಯನ್ನು ಅಂದು ನಾನು ಹೊಸದಾಗಿ ಹೇಳಿಕೊಡಬೇಕಾಗಲಿಲ್ಲ.

ಆ ವರ್ಷದ ಮಕ್ಕಳ ಗ್ರಾಮ ಸಭೆ ಹಿಂದಿನಂತೆ ನಡೆಯಲಿಲ್ಲ. ಹುಡುಗಿಯೊಬ್ಬಳು ನಕ್ಷೆಯನ್ನು ಬಿಡಿಸಿ ಹಿಡಿದಳು, ಇನ್ನೊಬ್ಬಳು ಓದಿದಳು. ವೇದಿಕೆಯಿಂದ ‘ಪರಿಶೀಲಿಸಲಾಗುವುದು’ ಎಂದು ಬಂತು. ಆಗ, ನಾವು ತರಗತಿಯಲ್ಲಿ ಮಾತಾಡಿಕೊಂಡಿದ್ದಂತೆ, ಒಬ್ಬ ಹುಡುಗ ಎದ್ದು ಇದನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂದೂ, ಬರೆದುಕೊಂಡದ್ದನ್ನು ಓದಿ ಹೇಳಬೇಕೆಂದೂ ಕೇಳಿಕೊಂಡ. ನಡವಳಿ ಪುಸ್ತಕವೆಂದರೆ ಸಭೆಯ ನಿರ್ಣಯಗಳನ್ನು ದಾಖಲಿಸುವ ದಪ್ಪ ರಟ್ಟಿನ ಪುಸ್ತಕ. ಅದರೊಳಗೆ ಬಂದರೆ ಮಾತು ಠರಾವಾಗುತ್ತದೆ. ಬಾರದಿದ್ದರೆ ಗಾಳಿಗೆ ಹೋಗುತ್ತದೆ. ವೇದಿಕೆಯ ಮೇಲೆ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಅಭಿವೃದ್ಧಿ ಅಧಿಕಾರಿಗಳು ಒಳ್ಳೆಯವರು. ಪುಸ್ತಕ ತರಿಸಿ ಮೂರು ಸಾಲು ಬರೆದು ಓದಿದರು. ಎಷ್ಟು ದಿನದೊಳಗೆ ಎಂಬುದು ಇಲ್ಲ ಎಂದ ಹುಡುಗ. ‘ಒಂದು ತಿಂಗಳೊಳಗೆ’ ಎಂದು ಸಾಲಿನ ಮೇಲ್ಗಡೆ ಸೇರಿಸಿದರು.

ದೀಪ ಬಂತೇ? ಅರ್ಧ ಬಂತು. ಕೆಳಗಿನ ಕೇರಿಯ ಮುಖ್ಯ ದಾರಿಯ ಕಂಬಗಳಿಗೆ ಬಲ್ಬು ಬಿತ್ತು, ಒಳದಾರಿಗೆ ಬೀಳಲಿಲ್ಲ. ಆದರೆ ಈ ಮಕ್ಕಳು ನಡವಳಿಯ ನಕಲು ಕೇಳುವುದನ್ನೂ, ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯುವುದನ್ನೂ, ದಿನಾಂಕ ಮತ್ತು ಮೊಹರು ಇಲ್ಲದ ಕಾಗದವನ್ನು ಕಾಗದವೆಂದು ಪರಿಗಣಿಸದಿರುವುದನ್ನೂ ಕಲಿತರು. ಈ ಚಿಕ್ಕ ಅಭ್ಯಾಸವೇ ಪೌರಶಿಕ್ಷಣದ ಬೇರು ಎಂದು ನಾನು ನಂಬಿದ್ದೇನೆ. ಕೇಳುವ ಧೈರ್ಯ ಒಂದು ದಿನದ್ದು, ಉತ್ತರ ಬರುವವರೆಗೆ ಬೆನ್ನು ಹತ್ತುವ ತಾಳ್ಮೆ ವರ್ಷಗಳದು. ಮೊದಲನೆಯದನ್ನು ಭಾಷಣ ಸ್ಪರ್ಧೆಯಲ್ಲೂ ಕಲಿಸಬಹುದು. ಎರಡನೆಯದನ್ನು ಊರು ಕೂಡ ತನ್ನ ಪಾಲಿನ ಕೆಲಸ ಮಾಡಿದರೆ ಮಾತ್ರ ಕಲಿಸಬಹುದು, ಏಕೆಂದರೆ ಉತ್ತರ ಕೊಡಬೇಕಾದದ್ದು ಊರು. ಸಮುದಾಯದ ಪಾಲ್ಗೊಳ್ಳುವಿಕೆ ಎಂದರೆ ಗಣ್ಯರನ್ನು ಶಾಲೆಗೆ ಕರೆದು ಶಾಲು ಹೊದಿಸುವುದು ಎಂದು ತಿಳಿದವರ ಜೊತೆ ನಾನು ಈ ವಿಷಯದಲ್ಲಿ ಬಹಳ ಜಗಳವಾಡಿದ್ದೇನೆ.

ಇನ್ನು ನೀರಿನ ಕಥೆ. ಅದನ್ನು ಹೇಳುವಾಗ ಇಂದಿಗೂ ಸ್ವಲ್ಪ ತಡವರಿಸುತ್ತೇನೆ.

ಟ್ಯಾಂಕನ್ನು ಕೊನೆಯ ಸಲ ಯಾವಾಗ ತೊಳೆದರೆಂದು ಕೇಳಬೇಕೆಂಬುದು ಮಕ್ಕಳ ಪ್ರಶ್ನೆ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ, ಅರ್ಜಿದಾರರಿಗೆ ಇಷ್ಟೇ ವಯಸ್ಸಾಗಿರಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ ಎಂದು ನಾನು ಉತ್ಸಾಹದಿಂದ ಪಾಠ ಮಾಡಿದ್ದೆ. ಅರ್ಜಿಯ ಕರಡನ್ನು ಬರೆದವನು ತರಗತಿಯ ಅತ್ಯಂತ ಚುರುಕಿನ ಹುಡುಗ. ಅಕ್ಷರ ಚೆನ್ನಾಗಿತ್ತು, ಸಹಿ ಮಾಡುವುದೊಂದು ಬಾಕಿ. ಸಹಿ ಮಾಡಲಿಲ್ಲ. ಎರಡು ದಿನ ಶಾಲೆಗೇ ಬರಲಿಲ್ಲ. ವಿಚಾರಿಸಿದರೆ, ಅವನ ತಂದೆಯೇ ಊರಿನ ನೀರುಗಂಟಿ. ಟ್ಯಾಂಕು ತೊಳೆಯದಿದ್ದರೆ ಮೊದಲು ಕೇಳುವುದು ಅವರನ್ನು. ಬ್ಲೀಚಿಂಗ್ ಪುಡಿ ಕೊಡದವರನ್ನಲ್ಲ, ಸಂಬಳವನ್ನು ತಿಂಗಳುಗಟ್ಟಲೆ ತಡ ಮಾಡಿದವರನ್ನಲ್ಲ. ಅಷ್ಟರಲ್ಲಿ ನನಗೂ ಒಂದು ಫೋನು ಬಂತು. ಮಕ್ಕಳ ತಲೆಯಲ್ಲಿ ರಾಜಕೀಯ ತುಂಬಬೇಡಿ ಮೇಷ್ಟ್ರೇ, ಪಾಠ ಮಾಡಿ ಸಾಕು ಎಂದು ಬಹಳ ಸೌಜನ್ಯದಿಂದಲೇ ಒಬ್ಬರು ಹೇಳಿದರು.

ನನ್ನ ತಪ್ಪು ನನಗೆ ಗೊತ್ತಾಯಿತು. ಹದಿನಾಲ್ಕು ವರ್ಷದ ಮಗುವನ್ನು ಒಂಟಿಯಾಗಿ ಊರಿನ ಎದುರು ನಿಲ್ಲಿಸುವುದು ಶಿಕ್ಷಣವಲ್ಲ. ಪುಸ್ತಕದಲ್ಲಿ ನಾಗರಿಕನೆಂದರೆ ಯಾರ ಮಗನೂ ಅಲ್ಲದ, ಯಾವ ಕೇರಿಯಲ್ಲೂ ವಾಸಿಸದ, ಯಾರಿಗೂ ಸಾಲ ಕೊಡಬೇಕಿಲ್ಲದ ಒಬ್ಬ ವ್ಯಕ್ತಿ. ಊರಿನಲ್ಲಿ ಅಂಥ ವ್ಯಕ್ತಿ ಯಾರೂ ಇಲ್ಲ. ನಂತರ ನಾವು ಮಾಡಿಕೊಂಡ ನಿಯಮವೆಂದರೆ ಯಾವ ಅರ್ಜಿಯೂ ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ಹೋಗಬಾರದು, ಇಡೀ ತರಗತಿಯ ಪರವಾಗಿ ಹೋಗಬೇಕು, ಮತ್ತು ಅದರ ಕೆಳಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಯಾರಾದರೊಬ್ಬ ಪೋಷಕರ ಸಹಿ ಇರಬೇಕು. ನೀರಿನ ಪ್ರಶ್ನೆಯನ್ನೂ ತಿರುಗಿಸಿದೆವು. ಟ್ಯಾಂಕನ್ನು ಏಕೆ ತೊಳೆದಿಲ್ಲ ಎಂದು ಕೇಳುವ ಬದಲು ಟ್ಯಾಂಕು ತೊಳೆಯಲು ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ, ಎಷ್ಟು ಸಾಮಗ್ರಿ ಕೊಟ್ಟಿದ್ದೀರಿ ಎಂದು ಕೇಳಿದೆವು. ಪ್ರಶ್ನೆ ನೀರುಗಂಟಿಯನ್ನು ಬಿಟ್ಟು ಲೆಕ್ಕದ ಪುಸ್ತಕದ ಕಡೆ ತಿರುಗಿತು. ಹುಡುಗ ಮತ್ತೆ ಬಂದ. ಆದರೆ ಆ ವರ್ಷ ಅವನು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಅದನ್ನು ನಾನು ಗಮನಿಸದೆ ಇರಲಿಲ್ಲ.

ಮಕ್ಕಳು ಊರಿನ ಆಡಳಿತದಲ್ಲಿ ಮಾತಾಡಬೇಕೆಂಬುದು ನಮ್ಮ ರಾಜ್ಯಕ್ಕೆ ಹೊಸ ವಿಚಾರವಲ್ಲ. ಕುಂದಾಪುರದ ಕಡೆ 1990ರ ದಶಕದಲ್ಲೇ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರ ಬೆಂಬಲದಲ್ಲಿ ಮಕ್ಕಳ ಪಂಚಾಯಿತಿಗಳು ರಚನೆಯಾದವು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು, ತಮ್ಮ ಊರಿನ ಮಾಹಿತಿಯನ್ನು ತಾವೇ ಸಂಗ್ರಹಿಸಿದರು. ಮಳೆಗಾಲದಲ್ಲಿ ಶಾಲೆಗೆ ಹೋಗಲು ದಾಟಬೇಕಾದ ಕಾಲುಸಂಕಗಳು (ಹಳ್ಳದ ಮೇಲಿನ ಕಿರು ಸೇತುವೆಗಳು) ಅವರ ಪಟ್ಟಿಯಲ್ಲಿ ಮುಖ್ಯವಾಗಿದ್ದವು. ಇಂದು ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಮಕ್ಕಳ ಗ್ರಾಮ ಸಭೆ ಸೇರುವುದಕ್ಕೆ ಇಂಥ ಪ್ರಯತ್ನಗಳು ದಾರಿಯಾದವು. ಆದರೆ 2022ರ ಆಗಸ್ಟಿನಲ್ಲಿ, ಅದೇ ಸೀಮೆಯ ಬೈಂದೂರು ತಾಲ್ಲೂಕಿನಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಒಂದು ಪುಟ್ಟ ಮಗು ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋಯಿತು. ಆ ಸುದ್ದಿ ಓದಿದ ದಿನ ನನಗೆ ನನ್ನ ಚೀಟಿಗಳು ನೆನಪಾದವು. ಮಕ್ಕಳು ಕೇಳಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಸಮುದಾಯದೊಂದಿಗೆ ಕಲಿಕೆ ಎಂದ ಕೂಡಲೇ ನಮ್ಮ ಶಾಲೆಗಳಲ್ಲಿ ಪೊರಕೆ ಹೊರಬರುತ್ತದೆ. ಅಕ್ಟೋಬರ್ 2ರಂದು ಶ್ರಮದಾನ, ಬಸ್ ನಿಲ್ದಾಣ ಗುಡಿಸುವುದು, ಜಾಥಾ, ಘೋಷಣೆ. ಶ್ರಮದ ಬಗ್ಗೆ ನನಗೆ ಗೌರವವಿದೆ, ನಾನು ಒಕ್ಕಲುತನದ ಮನೆಯಿಂದ ಬಂದವನು. ಆದರೆ ಊರಿನ ಚರಂಡಿಯನ್ನು ಮಕ್ಕಳು ತೆಗೆದರೆ ಅವರು ಕಲಿಯುವುದು ಚರಂಡಿ ತೆಗೆಯುವುದನ್ನು. ಚರಂಡಿ ಏಕೆ ತೆಗೆದಿರಲಿಲ್ಲ, ಅದಕ್ಕೆ ಇಟ್ಟ ಹಣವೆಷ್ಟು, ತೆಗೆಯುವವರಿಗೆ ಕೈಗವಸು ಕೊಟ್ಟಿದ್ದಾರೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪೊರಕೆ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆ ನಮ್ಮ ಸಮಾಜದಲ್ಲಿ ಎಂದೂ ಮುಗ್ಧವಾದದ್ದಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನು ಮಲಗುಂಡಿ ಸ್ವಚ್ಛಗೊಳಿಸಲು ಇಳಿಸಿದ ಸುದ್ದಿ ರಾಜ್ಯವನ್ನೇ ತಲೆತಗ್ಗಿಸುವಂತೆ ಮಾಡಿತು. ‘ಪೌರ’ ಎಂಬ ಪದ ದಿನಬಳಕೆಯ ಕನ್ನಡದಲ್ಲಿ ಹೆಚ್ಚಾಗಿ ಕೇಳಿಬರುವುದು ಪೌರಕಾರ್ಮಿಕ ಎಂಬಲ್ಲಿಯೇ ಎಂಬುದೂ ಇಲ್ಲಿ ನೆನಪಾಗುತ್ತದೆ. ಊರನ್ನು ಹೊತ್ತವರಿಗೆ ಮಾತ್ರ ನಾವು ಆ ಪದವನ್ನು ಉಳಿಸಿದ್ದೇವೆ.

ನಗರದ ಶಾಲೆಗಳ ಬಗ್ಗೆ ನನಗೆ ಅನುಭವ ಕಡಿಮೆ, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಬಾಲ ಜನಾಗ್ರಹದಂಥ ಕಾರ್ಯಕ್ರಮಗಳು ಶಾಲಾಮಕ್ಕಳನ್ನು ವಾರ್ಡಿನ ರಸ್ತೆಗೆ, ಕಸದ ರಾಶಿಯ ಮುಂದೆ, ಅಧಿಕಾರಿಗಳ ಕಚೇರಿಗೆ ಕರೆದೊಯ್ಯುತ್ತ ಬಂದಿವೆ. ಅಲ್ಲಿ ನೆಲೆಸಿರುವ ನನ್ನ ತಮ್ಮನ ಮಗಳು ತನ್ನ ವಾರ್ಡಿನ ಪಾದಚಾರಿ ಮಾರ್ಗವನ್ನು ಅಳೆದು ವರದಿ ಬರೆದಿದ್ದಳು, ಚೆನ್ನಾಗಿಯೇ ಇತ್ತು. ಯಾರಿಗೆ ಕೊಟ್ಟೆ ಎಂದು ಕೇಳಿದೆ. ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು, ಕಾರ್ಪೊರೇಟರ್ ಎಂಬ ಜೀವಿಯನ್ನೇ ಅವಳು ತಿಳಿವಳಿಕೆ ಬಂದಾಗಿನಿಂದ ಕಂಡಿರಲಿಲ್ಲ. ಕೊನೆಗೆ ವರದಿಯನ್ನು ಶಿಕ್ಷಕಿಗೇ ಕೊಟ್ಟಳಂತೆ, ಹತ್ತಕ್ಕೆ ಒಂಬತ್ತು ಅಂಕ ಬಂತು.

ಅಂಕದ ಮಾತು ಬಂದದ್ದರಿಂದ ಒಂದು ಸಲಹೆ ಹೇಳುತ್ತೇನೆ, ಏಕೆಂದರೆ ಅಂಕವಿಲ್ಲದ ಯಾವ ಒಳ್ಳೆಯ ಕೆಲಸವೂ ನಮ್ಮ ಪ್ರೌಢಶಾಲೆಗಳಲ್ಲಿ ಬಹುಕಾಲ ಬಾಳುವುದಿಲ್ಲ. ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಈ ಇಪ್ಪತ್ತರ ಹೆಚ್ಚಿನ ಪಾಲು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಚಿತ್ರಪಟಗಳನ್ನು ಅಂಟಿಸಿದ ಪ್ರಾಜೆಕ್ಟುಗಳಿಗೆ ಹೋಗುತ್ತದೆ ಎಂಬುದು ಎಲ್ಲ ಶಿಕ್ಷಕರಿಗೂ ಗೊತ್ತು. ಅದರ ಬದಲು ಎಂಟನೇ ತರಗತಿಯಲ್ಲಿ ಊರಿನ ಒಂದು ವಿಷಯವನ್ನು ಕೈಗೆತ್ತಿಕೊಂಡು ಹತ್ತನೇ ತರಗತಿಯವರೆಗೆ ಅದರ ಬೆನ್ನು ಹತ್ತಿದ ಕಡತವನ್ನೇ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಬಹುದು. ಕೆಲಸ ಆಯಿತೋ ಇಲ್ಲವೋ ಎಂಬುದಕ್ಕೆ ಅಂಕವಿಲ್ಲ. ಯಾರನ್ನು ಕೇಳಿದಿರಿ, ಏನು ಉತ್ತರ ಬಂತು, ಉತ್ತರ ಬಾರದಿದ್ದಾಗ ಏನು ಮಾಡಿದಿರಿ ಎಂಬುದಕ್ಕೆ ಅಂಕ. ಇದಕ್ಕೆ ಜೊತೆಯಾಗಿ, ಮಕ್ಕಳ ಗ್ರಾಮ ಸಭೆ ಹೊಸ ಪ್ರಶ್ನೆಗಳಿಂದ ಆರಂಭವಾಗದೆ ಹಿಂದಿನ ವರ್ಷದ ನಡವಳಿಯ ಓದಿನಿಂದಲೇ ಆರಂಭವಾಗಬೇಕು, ಆ ಕಡತಗಳ ಒಂದು ಪ್ರತಿ ಊರಿನ ಅರಿವು ಕೇಂದ್ರದಲ್ಲಿ ಎಲ್ಲರೂ ನೋಡುವಂತೆ ಇರಬೇಕು. ಹಳೆಯ ಗ್ರಂಥಾಲಯಗಳೇ ಅರಿವು ಕೇಂದ್ರಗಳಾಗಿ, ಮಕ್ಕಳಿಗೆ ಉಚಿತ ಸದಸ್ಯತ್ವವೂ ಇರುವುದರಿಂದ ಅಲ್ಲಿ ಒಂದು ಕಪಾಟಿಗೆ ಜಾಗ ಸಿಗದೆ ಇರಲಾರದು. ಮೇಷ್ಟ್ರಿಗೆ ಸಮಯ ಎಲ್ಲಿದೆ ಎಂದು ನನ್ನ ಸ್ನೇಹಿತರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಚುನಾವಣೆ, ಗಣತಿ, ಸಮೀಕ್ಷೆ, ಆ್ಯಪಿನಲ್ಲಿ ಹಾಜರಿ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಪಾಠ ಮಾಡುವವರಿಗೆ ಇನ್ನೊಂದು ಹೊರೆ ಹೊರಿಸುವುದು ಸುಲಭದ ಮಾತಲ್ಲ. ಆದರೆ ಚೀಟಿ ಬರೆಯುವ ಸಂಜೆಯಾದರೂ ಉಳಿಯುತ್ತದೆ.

ಬಸ್ಸಿನ ವಿಷಯ ಹೇಳುವುದು ಬಾಕಿಯಿತ್ತು. ಡಿಪೋಗೆ ಮಕ್ಕಳು ಮೊದಲ ಪತ್ರ ಬರೆದದ್ದು ಒಂಬತ್ತನೇ ತರಗತಿಯಲ್ಲಿರುವಾಗ. ಎರಡನೆಯದು ಹತ್ತರಲ್ಲಿ, ಮೊದಲ ಪತ್ರದ ಸ್ವೀಕೃತಿಯ ನಕಲನ್ನು ಲಗತ್ತಿಸಿ. ಮೂರನೆಯದನ್ನು ಪರೀಕ್ಷೆಯ ನಡುವೆಯೇ ಬರೆದಿದ್ದರು. ಅವರೆಲ್ಲ ಪಾಸಾಗಿ, ಟಿ.ಸಿ. ಪಡೆದು, ಕೆಲವರು ಪಿಯುಸಿಗೆ, ಕೆಲವರು ಐಟಿಐಗೆ, ಇಬ್ಬರು ಹುಡುಗಿಯರು ಗಾರ್ಮೆಂಟ್ಸಿಗೆ ಹೋದ ಮೇಲೆ, ನಾನು ನಿವೃತ್ತನಾಗಲು ಹತ್ತು ದಿನ ಉಳಿದಿರುವಾಗ, ಶಾಲೆಯ ವಿಳಾಸಕ್ಕೆ ಒಂದು ಲಕೋಟೆ ಬಂತು. ‘9ನೇ ತರಗತಿಯ ವಿದ್ಯಾರ್ಥಿಗಳಿಗೆ’ ಎಂದು ಮೇಲೆ ಬರೆದಿತ್ತು. ಬೆಳಗಿನ ಬಸ್ಸಿಗೆ ಕೈಮರದ ಬಳಿ ಕೋರಿಕೆಯ ನಿಲುಗಡೆ ನೀಡಲಾಗಿದೆ ಎಂದು ಒಳಗೆ ನಾಲ್ಕು ಸಾಲು, ಕೆಳಗೆ ಸಹಿ, ಮೊಹರು, ದಿನಾಂಕ.

ಆ ಮಕ್ಕಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದರ ಫೋಟೊ ಹಾಕಿದೆ. ಮರುದಿನ ಸಂಜೆ, ಆ ತರಗತಿಯ ಹುಡುಗರ ಪೈಕಿ ಒಬ್ಬ ಸೈಕಲ್ಲಿನಲ್ಲಿ ಶಾಲೆಗೆ ಬಂದ. ಅವನು ನೀರುಗಂಟಿಯ ಮಗ. ನಾನು ಝೆರಾಕ್ಸ್ ಪ್ರತಿಯನ್ನು ಕೈಗಿತ್ತೆ. ಅದನ್ನು ಮುಟ್ಟಲಿಲ್ಲ. ‘ಅದನ್ನು ನೀವಿಟ್ಟುಕೊಳ್ಳಿ ಸಾರ್, ಅಸಲು ಕೊಡಿ, ಅದು ನಮ್ಮ ಹೆಸರಿಗೆ ಬಂದಿರೋದು’ ಎಂದ. ಲಕೋಟೆ ಸಮೇತ ಕೊಟ್ಟೆ. ಅಂಗಿಯ ಒಳಗೆ ಇಟ್ಟುಕೊಂಡು, ಗುಂಡಿ ಹಾಕಿಕೊಂಡು, ಸೈಕಲ್ ಹತ್ತಿದ.